ಒಪ್ಪಿದ ಕೂಲಿ, ಒಪ್ಪುವ ಕೂಲಿ

"ಅವರೇ ಒಪ್ಕೊಂಡು ಬಂದಿದ್ದಾರಲ್ಲ, ನಾವೇನ್ ಬಲವಂತ ಮಾಡಿದ್ವಾ?"

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗ್ರೂಪ್ ತೆಗೆದರೂ ವರ್ಷಕ್ಕೊಂದು ಸಲವಾದರೂ ಈ ಮಾತು ಸಿಗುತ್ತದೆ. ಅಡುಗೆಯವರು ಐನೂರು ರೂಪಾಯಿ ಜಾಸ್ತಿ ಕೇಳಿದಾಗ ಬರುತ್ತದೆ. ಸೆಕ್ಯುರಿಟಿಯವರಿಗೆ ಹನ್ನೆರಡು ತಾಸಿನ ಶಿಫ್ಟ್ ಯಾಕೆ ಅಂತ ಯಾರಾದರೂ ಕೇಳಿದಾಗ ಬರುತ್ತದೆ. ಹೌಸ್‌ಕೀಪಿಂಗ್‌ನವರಿಗೆ ವಾರದ ರಜೆ ಬೇಕು ಅಂದಾಗಲೂ ಇದೇ ಉತ್ತರ. ಕೆಳಗೆ ಹತ್ತು ಥಮ್ಸ್ ಅಪ್ ಬೀಳುತ್ತವೆ, ಚರ್ಚೆ ಅಲ್ಲಿಗೆ ಮುಗಿಯುತ್ತದೆ.

ಈ ಮಾತು ಬರೆದವರು ಕೆಟ್ಟವರೇನಲ್ಲ. ನಮ್ಮ ನಿಮ್ಮಂಥವರೇ. ನಾವೆಲ್ಲ ಆಫರ್ ಲೆಟರಿಗೆ ಸಹಿ ಹಾಕಿ ಕೆಲಸಕ್ಕೆ ಸೇರಿದವರು. ಸಂಬಳ ಕಡಿಮೆ ಅನಿಸಿದರೆ ಇನ್ನೊಂದು ಆಫರ್ ಹಿಡಿದು ಮ್ಯಾನೇಜರ್ ಮುಂದೆ ಕೂತವರು. ಇಬ್ಬರು ದೊಡ್ಡವರು ಕೂತು ಮಾತಾಡಿ ಒಂದು ರೇಟಿಗೆ ಒಪ್ಪಿದರೆ ಮೂರನೆಯವರು ತಲೆ ಹಾಕುವುದೇನಿದೆ ಎಂಬುದು ನಮಗೆ ಸಹಜವಾಗಿ ಕಾಣುತ್ತದೆ. ಆದರೆ ಈ ಮಾತಿನ ಒಳಗೆ ಒಂದು ಪ್ರಶ್ನೆ ಇದೆ, ಅದನ್ನು ನಾವು ಯಾರೂ ಬಿಚ್ಚಿ ನೋಡುವುದಿಲ್ಲ. ಇಬ್ಬರು ಒಪ್ಪಿದ ಮಾತ್ರಕ್ಕೆ ಕೂಲಿ ನ್ಯಾಯದ ಕೂಲಿ ಆಗುತ್ತದೆಯೇ?

ನಾನು ಬೆಳೆದದ್ದು ಆಳಂದ ತಾಲೂಕಿನ ಖಜೂರಿಯಲ್ಲಿ. ಮಹಾರಾಷ್ಟ್ರದ ಗಡಿಗೆ ಹತ್ತಿದ ಊರು. ಕನ್ನಡದಾಗ ಜಗಳ ಶುರುವಾದರೆ ಮರಾಠಿಯಾಗ ಮುಗಿಯುತ್ತದೆ ಅಂತ ನಾವೇ ನಗಾಡುತ್ತೇವೆ. ಒಣ ಬೇಸಾಯ, ತೊಗರಿ, ಜೋಳ, ಕಡಲೆ. ಮಳೆ ಕೈಕೊಟ್ಟ ವರ್ಷ ಸೋಲಾಪುರ, ಪುಣೆ, ಮುಂಬೈ ಕಡೆ ಗಂಟು ಕಟ್ಟಿಕೊಂಡು ಹೋಗುವ ಜನ. ಬೆಂಗಳೂರು ನಮಗೆ ರಾಜಧಾನಿ ಹೌದು, ಆದರೆ ದುಡಿಯಲಿಕ್ಕೆ ಹೋಗುವ ದಾರಿ ಬಹಳ ಕಾಲ ಪಶ್ಚಿಮಕ್ಕೇ ಇತ್ತು.

ಒಪ್ಪಿಗೆ ಅಂದರೆ ಏನು ಅನ್ನುವುದನ್ನು ಅಲ್ಲಿ ನೋಡಬೇಕು. ಮಳೆ ಚೆನ್ನಾಗಿ ಆದ ವರ್ಷ, ತೊಗರಿ ರಾಶಿ ಮಾಡುವ ಹೊತ್ತಿಗೆ ಎಲ್ಲರ ಹೊಲದಲ್ಲೂ ಒಟ್ಟಿಗೇ ಕೆಲಸ. ಆಗ ಕೂಲಿಯವರದೇ ಮಾತು. ಹಿಂದಿನ ರಾತ್ರಿ ಮನೆ ಬಾಗಿಲಿಗೆ ಹೋಗಿ "ಅಕ್ಕಾ, ನಾಳಿ ನಮ್ ಹೊಲಕ್ ಬರ್ರಿ" ಅಂತ ಕರೆಯಬೇಕು, ಟಂಟಂ ಗಾಡಿ ಕಳಿಸಬೇಕು. ಅದೇ ಹೆಣ್ಣುಮಕ್ಕಳು, ಅದೇ ಹೊಲ. ಆದರೆ ಬರದ ವರ್ಷ ಅವರೇ ನಸುಕಿನಲ್ಲಿ ಬಂದು ನಿಲ್ಲುತ್ತಾರೆ, "ಏನರೆ ಕೆಲಸ ಅದಾವೇನ್ರಿ?" ಅಂತ ಕೇಳುತ್ತಾರೆ. ಹೇಳಿದ ಕೂಲಿಗೆ ಹೂಂ ಅನ್ನುತ್ತಾರೆ. ಎರಡೂ ವರ್ಷ ಒಪ್ಪಂದ ಆಗಿದೆ. ಎರಡನ್ನೂ ಒಪ್ಪಂದ ಅಂತಲೇ ಕರೆಯುತ್ತೇವೆ. ಒಂದರಲ್ಲಿ ಬೇಡ ಅನ್ನುವ ಶಕ್ತಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ.

ನಮ್ಮ ಮುತ್ಯಾ 1972ರ ಬರ ಕಂಡವನು. ಆ ಬರ ಮಹಾರಾಷ್ಟ್ರವನ್ನೂ ನಮ್ಮ ಭಾಗವನ್ನೂ ಒಟ್ಟಿಗೆ ಸುಟ್ಟದ್ದು. ಅವನು ಒಂದು ಮಾತು ಹೇಳುತ್ತಿದ್ದ: "ಹಸದಾನ ಜೋಡಿ ಚೌಕಾಸಿ ಮಾಡಬ್ಯಾಡ. ಅಂವ ಎಲ್ಲಾದಕ್ಕೂ ಹೂಂ ಅಂತಾನ." ಶಾಲೆ ಕಲಿಯದ ಮುತ್ಯಾನ ಈ ಮಾತನ್ನು ಹೆಚ್ಚೂ ಕಡಿಮೆ ಹೀಗೇ, ತರ್ಕದ ಮೆಟ್ಟಿಲು ಮೆಟ್ಟಿಲಾಗಿ ಬರೆದಿಟ್ಟದ್ದು ನನಗೆ ಸಿಕ್ಕಿದ್ದು ನಾನು ನಿರೀಕ್ಷಿಸದ ಜಾಗದಲ್ಲಿ. 1891ರಲ್ಲಿ ರೋಮಿನಿಂದ ಹೊರಟ ಒಂದು ಪತ್ರದಲ್ಲಿ.

ನನ್ನ ಟೀಮಿನಲ್ಲಿ ಮಂಗಳೂರು ಕಡೆಯ ಕ್ಯಾಥೊಲಿಕ್ ಗೆಳೆಯನೊಬ್ಬ ಇದ್ದ. ಕ್ಯಾಂಟೀನಿನಲ್ಲಿ ಕೂಲಿ, ಸಂಬಳ ಅಂತ ವಾದ ಬಂದಾಗ "ನಮ್ಮಲ್ಲಿ ಇದರ ಮೇಲೆ ನೂರು ವರ್ಷದ ಸಾಹಿತ್ಯ ಇದೆ ಮಾರಾಯ, ನಮ್ಮವರೇ ಓದುವುದಿಲ್ಲ" ಅಂದ. ನನಗೆ ಚರ್ಚ್ ಅಂದರೆ ಶಾಲೆ, ಆಸ್ಪತ್ರೆ, ಕ್ರಿಸ್‌ಮಸ್ ಕೇಕ್. ನಮ್ಮ ಕಲಬುರಗಿ-ಬೀದರ್ ಭಾಗಕ್ಕೆ ಪ್ರತ್ಯೇಕ ಕ್ಯಾಥೊಲಿಕ್ ಧರ್ಮಪ್ರಾಂತ್ಯ ಆದದ್ದೇ 2005ರಲ್ಲಿ. ನಮ್ಮೂರಲ್ಲಿ ಮಠ ಗೊತ್ತು, ದರ್ಗಾ ಗೊತ್ತು, ಪೋಪ್ ಗೊತ್ತಿಲ್ಲ. ಆದರೂ ಕುತೂಹಲಕ್ಕೆ ಓದಿದೆ.

ಆ ಪತ್ರದ ಹೆಸರು 'ರೇರುಂ ನೊವಾರುಂ'. ಬರೆದವರು 13ನೇ ಲಿಯೊ ಎಂಬ ಪೋಪ್. ಯುರೋಪಿನ ಗಿರಣಿಗಳಲ್ಲಿ, ಗಣಿಗಳಲ್ಲಿ ಜನ ಸವೆದು ಹೋಗುತ್ತಿದ್ದ ಕಾಲ. ಒಂದು ಕಡೆ ಖಾಸಗಿ ಆಸ್ತಿಯೇ ಇರಬಾರದು ಅನ್ನುವವರು, ಇನ್ನೊಂದು ಕಡೆ ಮಾರುಕಟ್ಟೆ ಹೇಳಿದ್ದೇ ನ್ಯಾಯ ಅನ್ನುವವರು. ಲಿಯೊ ಆಸ್ತಿಯ ಹಕ್ಕನ್ನು ಎತ್ತಿ ಹಿಡಿಯುತ್ತಾರೆ, ಆ ವಿಷಯದಲ್ಲಿ ಅವರು ಸಮಾಜವಾದಿ ಅಲ್ಲವೇ ಅಲ್ಲ. ಆದರೆ ಕೂಲಿಯ ಮಾತು ಬಂದಾಗ ನಮ್ಮ ವಾಟ್ಸ್ಯಾಪ್ ವಾಕ್ಯವನ್ನೇ ಎದುರಿಗಿಟ್ಟುಕೊಂಡು ಉತ್ತರ ಕೊಡುತ್ತಾರೆ.

ಅವರ ವಾದವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ. ದುಡಿಮೆಗೆ ಎರಡು ಮುಖ. ಒಂದು, ದುಡಿಮೆ ದುಡಿಯುವವನ ಸ್ವಂತದ್ದು. ಅವನು ಅದನ್ನು ಎಷ್ಟಕ್ಕೆ ಬೇಕಾದರೂ ಕೊಡಬಹುದು, ಪುಕ್ಕಟೆಯೂ ಕೊಡಬಹುದು. ದುಡಿಮೆ ಇಷ್ಟೇ ಆಗಿದ್ದರೆ 'ಒಪ್ಪಿದ್ದಾರಲ್ಲ' ಅನ್ನುವ ಮಾತು ಸರಿ. ಆದರೆ ಇನ್ನೊಂದು ಮುಖ ಇದೆ. ಬಡವನಿಗೆ ದುಡಿಮೆ ಬಿಟ್ಟು ಬದುಕಲಿಕ್ಕೆ ಬೇರೆ ದಾರಿ ಇಲ್ಲ. ಬದುಕುವುದು ಅವನ ಇಷ್ಟಕ್ಕೆ ಬಿಟ್ಟದ್ದಲ್ಲ, ಅದು ಅವನ ಕರ್ತವ್ಯ. ಹಾಗಾಗಿ ಮಿತವಾಗಿ ಬಾಳುವ ಒಬ್ಬ ದುಡಿಮೆಗಾರ ಬದುಕಲಿಕ್ಕೂ ಸಾಲದ ಕೂಲಿಯನ್ನು, ಇದಕ್ಕಿಂತ ಕೆಟ್ಟದ್ದು ಬಂದೀತು ಎಂಬ ಹೆದರಿಕೆಯಿಂದ ಅವನು ಒಪ್ಪಿದರೆ, ಅದು ಒಪ್ಪಿಗೆಯಲ್ಲ. ಬಲವಂತ. ಬಲವಂತ ಮಾಡಿದವರು ಯಾರು ಎಂದು ಬೆರಳು ತೋರಿಸಲಿಕ್ಕೆ ಆಗದಿದ್ದರೂ ಬಲವಂತವೇ.

ಇದು ಪೋಪ್ ಹೇಳಿದ್ದು, ನಮಗೇನು ಸಂಬಂಧ ಅನ್ನುವವರಿಗೆ ನಮ್ಮದೇ ಸುಪ್ರೀಂ ಕೋರ್ಟ್ ಇದೆ. 1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಗೇಮ್ಸ್ ಕಟ್ಟಡಗಳ ಕೆಲಸ ನಡೆದಿತ್ತು. ಅಲ್ಲಿನ ಕಾರ್ಮಿಕರಿಗೆ ಕನಿಷ್ಠ ಕೂಲಿಯೂ ಪೂರ್ತಿ ಸಿಗುತ್ತಿಲ್ಲ ಎಂಬ ದೂರು ಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಪಿ. ಎನ್. ಭಗವತಿ ಬರೆದ ತೀರ್ಪು, ಸಂವಿಧಾನದ 23ನೇ ವಿಧಿಯಲ್ಲಿ ನಿಷೇಧಿಸಿದ ಬಲವಂತದ ದುಡಿಮೆ ಅಂದರೆ ಏನು ಎಂಬುದನ್ನು ಬಿಡಿಸಿ ಹೇಳಿತು. ಕೋಲು ಹಿಡಿದು ದುಡಿಸಿದರೆ ಮಾತ್ರ ಬಲವಂತವಲ್ಲ, ಹಸಿವು ಮತ್ತು ಬಡತನ ಹಿಡಿದ ಕೋಲೂ ಕೋಲೇ. ಕನಿಷ್ಠ ಕೂಲಿಗಿಂತ ಕಡಿಮೆಗೆ ಒಬ್ಬ ದುಡಿಯುತ್ತಿದ್ದಾನೆ ಅಂದರೆ ಯಾವುದೋ ಒಂದು ಶಕ್ತಿ ಅವನನ್ನು ನೂಕಿದೆ ಎಂದೇ ತಿಳಿಯಬೇಕು ಅನ್ನುವುದು ಅದರ ಸಾರ. ಸಂವಿಧಾನದ 43ನೇ ವಿಧಿ ಇನ್ನೂ ಮುಂದೆ ಹೋಗಿ ಬರೀ ಕನಿಷ್ಠ ಕೂಲಿ ಅನ್ನದೆ ಜೀವನ ವೇತನ ಎಂದು ಹೇಳುತ್ತದೆ. ಮುತ್ಯಾ, ಪೋಪ್, ಸುಪ್ರೀಂ ಕೋರ್ಟ್. ಮೂವರೂ ಒಬ್ಬರನ್ನೊಬ್ಬರು ಓದಿ ಬರೆದವರಲ್ಲ.

ಇಲ್ಲಿಗೆ ಲೇಖನ ಮುಗಿಸಿ 'ಆದ್ದರಿಂದ ಸಂಬಳ ಜಾಸ್ತಿ ಕೊಡೋಣ' ಅಂದುಬಿಟ್ಟರೆ ಸುಲಭ ಇತ್ತು. ಆದರೆ ಈ ವಿಚಾರ ತಲೆ ತುಂಬಿಕೊಂಡಿದ್ದ ದಿನಗಳಲ್ಲಿ ಅಪ್ಪನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಹೊಲದಲ್ಲಿ ಕಸ ತೆಗೆಯಲಿಕ್ಕೆ ಬರುವ ಹೆಣ್ಣುಮಕ್ಕಳಿಗೆ ಇಷ್ಟು ಕಡಿಮೆ ಕೊಟ್ಟರೆ ಹೆಂಗ, ಅವರ ಮನಿ ಹೆಂಗ ನಡೀಬೇಕು ಅಂತ ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ.

"ತಮ್ಮಾ, ನೀ ಅಲ್ಲಿ ಎಸಿ ಒಳಗ ಕುಂತು ನ್ಯಾಯ ಮಾತಾಡ್ತಿ, ಮಾತಾಡು. ಹೋದ್ ಸಲ ನೆಟೆ ಬಿದ್ದು ಅರ್ಧ ತೊಗರಿ ನಿಂತಲ್ಲೇ ಒಣಗ್ತು. ಉಳದದ್ದು ಮಾರಾಕ್ ಹ್ವಾದ್ರ ರೇಟ್ ಇಲ್ಲ. ಅಕಿಗಿ ಕೊಡಬಾರ್ದಂತ ಅಲ್ಲ. ಎಲ್ಲಿಂದ ತಂದು ಕೊಡ್ಲಿ? ಅದು ಹೇಳು."

ಉತ್ತರ ನನ್ನ ಹತ್ತಿರ ಇರಲಿಲ್ಲ. ಎಂಟು ಎಕರೆ ಒಣ ಹೊಲದ ರೈತ ಕೂಲಿಯವರ ಮುಂದೆ ಮಾಲೀಕ, ಅಡತಿ ಅಂಗಡಿಯ ಮುಂದೆ ಅವನೇ ಕೂಲಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, ಹೆಸರು ಬಂತು. ಆದರೆ ರೇಟ್ ಏರುವ ಸೂಚನೆ ಕಂಡರೆ ಸಾಕು, ಮೊಜಾಂಬಿಕ್‌ನಿಂದ, ಮ್ಯಾನ್ಮಾರ್‌ನಿಂದ ಹಡಗಿನಲ್ಲಿ ತೊಗರಿ ಬರುತ್ತದೆ. ಯಾಕೆ ಬರುತ್ತದೆ? ಪಟ್ಟಣದಲ್ಲಿ ಬೇಳೆ ದುಬಾರಿ ಆಗಬಾರದು ಅಂತ. ಪಟ್ಟಣ ಅಂದರೆ ಯಾರು? ಎರಡು ನೂರಕ್ಕೆ ಕಿಲೋ ಆದರೆ ಟ್ವೀಟ್ ಮಾಡುವ ನಾನು, ನೀವು. ಹೊಲದಲ್ಲಿ ಬಗ್ಗಿ ಕಸ ತೆಗೆಯುವ ಹೆಂಗಸಿನ ಕೂಲಿಯನ್ನು ಇಳಿಸಿದ ಕೈಗಳಲ್ಲಿ ಅಪ್ಪನದೂ ಒಂದು, ಆದರೆ ಕೊನೆಯ ಕೈ ಮಾತ್ರ. ಅವನ ಹಿಂದೆ ಅಡತಿ, ದಾಲ್ ಮಿಲ್, ಸರ್ಕಾರದ ಆಮದು ನೀತಿ, ಕೊನೆಗೆ ಬೆಂಗಳೂರಿನ ಅಡುಗೆಮನೆ.

ಇದಕ್ಕೂ ಆ ಸಾಹಿತ್ಯದಲ್ಲಿ ಒಂದು ಹೆಸರಿದೆ ಎಂದು ಆಮೇಲೆ ಗೊತ್ತಾಯಿತು. 1981ರಲ್ಲಿ 2ನೇ ಜಾನ್ ಪಾಲ್ ದುಡಿಮೆಯ ಬಗ್ಗೆ ಬರೆದ ಪತ್ರದಲ್ಲಿ 'ಪರೋಕ್ಷ ಮಾಲೀಕ' ಎಂಬ ಮಾತು ಬರುತ್ತದೆ. ಕೂಲಿ ಕೊಡುವವನು ನೇರ ಮಾಲೀಕ. ಆದರೆ ಅವನು ಎಷ್ಟು ಕೊಡಬಲ್ಲ, ಯಾವ ಷರತ್ತಿನ ಮೇಲೆ ದುಡಿಸಿಕೊಳ್ಳುತ್ತಾನೆ ಎಂಬುದನ್ನು ಹಿಂದೆ ನಿಂತು ತೀರ್ಮಾನಿಸುವವರು ಇದ್ದಾರೆ. ಸರ್ಕಾರ, ಬೇರೆ ದೇಶಗಳು, ದೊಡ್ಡ ಕಂಪನಿಗಳು, ಕಾನೂನು, ವ್ಯಾಪಾರದ ನಿಯಮ. ಇವರು ಯಾರೂ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಆದರೆ ಒಪ್ಪಂದ ಹೇಗಿರಬೇಕು ಎಂಬುದನ್ನು ಬರೆದವರು ಇವರೇ. ಹೊಣೆ ಇವರಿಗೂ ಉಂಟು.

ನಮಗೆ, ಕೋಡ್ ಬರೆಯುವವರಿಗೆ, ಇದು ಅರ್ಥವಾಗದ ಮಾತೇನಲ್ಲ. ನಾವು ಬರೆದ ಫಂಕ್ಷನ್ನನ್ನು ಯಾರು ಯಾರು ಕರೆಯುತ್ತಾರೆ ಅಂತ ನೋಡದೆ ಬದಲಾಯಿಸುವುದಿಲ್ಲ. ಎಲ್ಲೋ ಕೆಳಗಿನ ಲೈಬ್ರರಿಯಲ್ಲಿ ಒಂದು ಲೈನ್ ಬದಲಾದರೆ ಮೇಲೆ ಯಾರದೋ ಪ್ರೊಡಕ್ಷನ್ ಬೀಳುತ್ತದೆ. ಡಿಪೆಂಡೆನ್ಸಿ ನಮಗೆ ದಿನನಿತ್ಯದ ಕೆಲಸ. ಆದರೆ ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಬಂದಾಗ ಅದರ ಡಿಪೆಂಡೆನ್ಸಿ ಏನು ಅಂತ ಕೇಳುವುದಿಲ್ಲ.

ಡೆಲಿವರಿ ಹುಡುಗರ ವಿಷಯದಲ್ಲಿ ನಾವು ಬರೀ ಗಿರಾಕಿಗಳೂ ಅಲ್ಲ. ಅವರ ಸೂಪರ್‌ವೈಸರ್ ನಾವು ಬರೆದ ಸಾಫ್ಟ್‌ವೇರ್. ಯಾರಿಗೆ ಯಾವ ಆರ್ಡರ್, ಎಷ್ಟು ದೂರಕ್ಕೆ ಎಷ್ಟು ದುಡ್ಡು, ರೇಟಿಂಗ್ ಎಷ್ಟು ಇಳಿದರೆ ಐಡಿ ಬ್ಲಾಕ್, ಎಲ್ಲ ಯಾರೋ ಒಬ್ಬ ಎಂಜಿನಿಯರ್ ಬರೆದ ಷರತ್ತು. ಹಳ್ಳಿಯಲ್ಲಿ ಗೌಡ ಕೂಲಿ ಕಡಿದರೆ ಅವನ ಕಟ್ಟೆಗೆ ಹೋಗಿ ಬೈದಾದರೂ ಬರಬಹುದಿತ್ತು. ಐಡಿ ಬ್ಲಾಕ್ ಆದ ಹುಡುಗ ಯಾರ ಕಟ್ಟೆಗೆ ಹೋಗಬೇಕು? ಚಾಟ್‌ಬಾಟ್ ಹತ್ತಿರ ಹೋಗುತ್ತಾನೆ. ಕರ್ನಾಟಕ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ತಂದ ಕಾನೂನು ಮುಟ್ಟಿರುವುದು ಇದೇ ಜಾಗವನ್ನು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಹೋಗುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕ್ಷೇಮನಿಧಿಗೆ ಕಂಪನಿ ಕಟ್ಟಬೇಕು. ಕೆಲಸದಿಂದ ತೆಗೆಯುವುದಾದರೆ ಲಿಖಿತ ಕಾರಣ ಕೊಡಬೇಕು, ಸಾಮಾನ್ಯವಾಗಿ 14 ದಿನದ ನೋಟಿಸ್ ಕೊಡಬೇಕು. ಅಲ್ಗಾರಿದಂ ಹೇಗೆ ತೀರ್ಮಾನ ಮಾಡುತ್ತದೆ ಎಂಬುದನ್ನು ಕಾರ್ಮಿಕನಿಗೆ ತಿಳಿಸಬೇಕು. ಅದೇ ವರ್ಷ ಮೇ ತಿಂಗಳಲ್ಲಿ ಹೊಸದಾಗಿ ಆಯ್ಕೆಯಾದ ಪೋಪ್ ಲಿಯೊ ಎಂಬ ಹೆಸರನ್ನೇ ಇಟ್ಟುಕೊಂಡರು. 1891ರ ಪತ್ರವನ್ನು ನೆನೆದು, ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ದುಡಿಮೆಗೂ ಮನುಷ್ಯನ ಘನತೆಗೂ ಅದೇ ಪ್ರಶ್ನೆ ಮತ್ತೆ ಬಂದಿದೆ ಎಂದು ಕಾರಣವನ್ನೂ ಕೊಟ್ಟರು. ಅಂದು ಗಿರಣಿ, ಇಂದು ನಮ್ಮ ಲ್ಯಾಪ್‌ಟಾಪ್.

ಇಲ್ಲಿ ನಮ್ಮ ಕಡೆಯ ಓದುಗರು ಒಂದು ಮಾತು ಕೇಳಿಯೇ ಕೇಳುತ್ತಾರೆ. "ಯಾಕಪಾ, ಇದಕ್ಕೆ ರೋಮಿಗೆ ಯಾಕೆ ಹೋಗಬೇಕಿತ್ತು? ಕಲ್ಯಾಣ ನಿಮ್ಮೂರ ಪಕ್ಕದಲ್ಲೇ ಇತ್ತಲ್ಲ?" ನ್ಯಾಯವಾದ ಪ್ರಶ್ನೆ. ಹನ್ನೆರಡನೇ ಶತಮಾನದಲ್ಲೇ ಚಪ್ಪಲಿ ಹೊಲಿಯುವವರು, ದೋಣಿ ನಡೆಸುವವರು, ಹಗ್ಗ ಹೊಸೆಯುವವರು ಅರಸನ ಭಂಡಾರಿಯ ಜೊತೆ ಸಮನಾಗಿ ಕೂತು ಮಾತಾಡಿದ ನೆಲ ನಮ್ಮದು. ಕಾಯಕದ ಬಗೆಗಿನ ಆ ಎರಡು ಪದದ ಮಾತು ಸರ್ಕಾರಿ ಕಚೇರಿಯ ಗೋಡೆಯಿಂದ ಹಿಡಿದು ಎಂಜಿನಿಯರಿಂಗ್ ಕಾಲೇಜಿನ ಬಸ್ಸಿನ ಹಿಂದೆಯವರೆಗೆ ಎಲ್ಲ ಕಡೆ ಇದೆ. ತೊಂದರೆ ಏನೆಂದರೆ ನಾವು ಅದನ್ನು ಓದುವ ರೀತಿ. 'ಚೆನ್ನಾಗಿ ದುಡಿ, ದೇವರು ಅಲ್ಲೇ ಇದ್ದಾನೆ' ಅಂತ ದುಡಿಯುವವನಿಗೆ ಹೇಳಲಿಕ್ಕೆ ಅದನ್ನು ಬಳಸುತ್ತೇವೆ. ದುಡಿಸಿಕೊಳ್ಳುವವನಿಗೆ ಅದು ಏನು ಹೇಳುತ್ತದೆ ಎಂದು ಕೇಳುವುದಿಲ್ಲ. ಕಾಯಕ ಅಷ್ಟು ದೊಡ್ಡದಾದರೆ ಅದನ್ನು ಮಾಡುವವರನ್ನು ಸರ್ವಿಸ್ ಲಿಫ್ಟಿನಲ್ಲಿ ಕಳಿಸುವುದು ಹೇಗೆ?

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತಿರುತ್ತದೆ. ಚೆಲ್ಲಿದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ದಿನಕ್ಕಿಂತ ಹೆಚ್ಚು ತಂದ. ಬೇಕಾದದ್ದಕ್ಕಿಂತ ಹೆಚ್ಚಿನದು ನಮಗೆ ಬೇಡ, ವಾಪಸ್ ಸುರಿದು ಬಾ ಎಂದು ಅವನನ್ನು ಕಳಿಸಿದಳಂತೆ. ಇದನ್ನು ಬಡವರಿಗೆ ತೃಪ್ತಿಯ ಪಾಠ ಅಂತ ಹೇಳಿಕೊಡುತ್ತಾರೆ. ನನಗೆ ಅದು ಉಳ್ಳವರಿಗೆ ಹೇಳಿದ ಕಥೆಯಂತೆ ಕೇಳುತ್ತದೆ. ನನ್ನ ಪಾಲಿಗಿಂತ ಹೆಚ್ಚು ನನ್ನ ಮನೆಗೆ ಬಂದಿದ್ದರೆ ಅದು ಯಾರದೋ ಪಾಲು.

ದಾಸೋಹದ ವಿಷಯವೂ ಹೀಗೆಯೇ. ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ಹೊಲದ ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ, ತಿಂದು ನೀರು ಕುಡಿದು ಹೋಗಲಿ ಎಂದು ನೀರನ್ನೂ ಇಟ್ಟವರು ಎಂಬುದು ನಮ್ಮ ಭಾಗದ ಪ್ರತಿ ಮಗುವಿಗೂ ಗೊತ್ತಿರುವ ಕಥೆ. ಆಮೇಲೆ ಕಲಬುರಗಿಗೆ ಬಂದು ದಾಸೋಹ ನಡೆಸಿದರು, ಅದು ಇಂದಿಗೂ ನಡೆದಿದೆ. ಹಸಿದು ಬಂದವರ ಜಾತಿ ಕೇಳದೆ ಅನ್ನ ಹಾಕುವುದು ಸಣ್ಣ ಮಾತಲ್ಲ. ಆದರೆ ದಾಸೋಹ ಕೂಲಿಗೆ ಬದಲಿ ಆಗುವುದಿಲ್ಲ. ಶರಣರ ಕ್ರಮದಲ್ಲೇ ಕಾಯಕ ಮೊದಲು, ದಾಸೋಹ ಆಮೇಲೆ. ಸರಿಯಾಗಿ ದುಡಿದು ಗಳಿಸಿದ್ದರಲ್ಲಿ ಮಾತ್ರ ದಾಸೋಹ. ಇನ್ನೊಬ್ಬರ ಕೂಲಿ ಕಡಿದು ಉಳಿಸಿದ ದುಡ್ಡಿನಲ್ಲಿ ಅನ್ನ ಹಾಕಿದರೆ ಅದಕ್ಕೆ ಏನೆನ್ನಬೇಕು? ಕ್ಯಾಥೊಲಿಕ್ ಚರ್ಚ್ ಕೂಡ ತನ್ನ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, 1965ರಲ್ಲಿ, ಇದನ್ನೇ ಸ್ಪಷ್ಟವಾಗಿ ಬರೆದುಕೊಂಡಿತು. ನ್ಯಾಯವಾಗಿ ಸಲ್ಲಬೇಕಾದದ್ದನ್ನು ದಾನದ ಹೆಸರಿನಲ್ಲಿ ಕೊಡಬಾರದು, ಮೊದಲು ನ್ಯಾಯ ಸಲ್ಲಲಿ ಎಂದು.

ದೀಪಾವಳಿಗೆ ಸ್ವೀಟ್ ಬಾಕ್ಸ್, ಮಗಳ ಹಳೆಯ ಸ್ಕೂಲ್ ಬ್ಯಾಗ್, ಒಂದು ಸೀರೆ. ಇವೆಲ್ಲ ಒಳ್ಳೆಯವೇ, ಕೊಡಬೇಕು. ಆದರೆ ವಾರಕ್ಕೊಂದು ರಜೆ, ಜ್ವರ ಬಂದ ದಿನ ಸಂಬಳ ಕಡಿಯದಿರುವುದು, ನಾವು ಹದಿನೈದು ದಿನ ಊರಿಗೆ ಹೋದಾಗಲೂ ಪೂರ್ತಿ ತಿಂಗಳ ಸಂಬಳ, ಇವು ಬೇರೆ ಪಟ್ಟಿ. ನಮ್ಮ ಕಂಪನಿ ನಮಗೆ ಇವನ್ನೆಲ್ಲ ಕೊಟ್ಟರೆ ಅದನ್ನು ಯಾರೂ ಔದಾರ್ಯ ಅನ್ನುವುದಿಲ್ಲ, ಪಾಲಿಸಿ ಅನ್ನುತ್ತೇವೆ.

ಒಳ್ಳೆಯ ಮಾತು ಬರೆದಿಟ್ಟವರೆಲ್ಲ ಅದರಂತೆ ನಡೆದರು ಎಂದೇನೂ ಇಲ್ಲ. ಜಾತಿ ಮೀರಲಿಕ್ಕೆ ಹೊರಟ ಶರಣರ ಹೆಸರಿನಲ್ಲೇ ನಮ್ಮೂರುಗಳಲ್ಲಿ ಒಳಜಾತಿಗಳ ಲೆಕ್ಕ ನಡೆಯುತ್ತದೆ. ಇತ್ತ ಭಾರತದ ಕ್ಯಾಥೊಲಿಕ್ ಬಿಷಪ್‌ಗಳ ಸಭೆಯೇ 2016ರಲ್ಲಿ ದಲಿತರ ಬಗ್ಗೆ ಹೊರಡಿಸಿದ ನೀತಿಯಲ್ಲಿ, ಚರ್ಚಿನ ಒಳಗೂ ಅಸ್ಪೃಶ್ಯತೆ ಇದೆ ಎಂದು ಒಪ್ಪಿಕೊಂಡಿತು. ಅಂಬೇಡ್ಕರ್ 1936ರಲ್ಲೇ ಗುರುತಿಸಿದ್ದು ಇದನ್ನು. ಜಾತಿ ಕೆಲಸವನ್ನಷ್ಟೇ ಹಂಚುವುದಿಲ್ಲ, ಕೆಲಸ ಮಾಡುವವರನ್ನೇ ಮೇಲೆ ಕೆಳಗೆ ಅಂತ ಬೇರೆ ಬೇರೆ ಇಡುತ್ತದೆ ಎಂದು. ಹಾಗಾಗಿ ನಮ್ಮ ದೇಶದಲ್ಲಿ ಕೂಲಿಯ ಪ್ರಶ್ನೆ ಬರೀ ದುಡ್ಡಿನದಲ್ಲ. ನಮ್ಮ ಕಡೆ ಹಳ್ಳಿಯ ಹೋಟೆಲಿನಲ್ಲಿ ಹೊರಗಿನ ಗೂಟಕ್ಕೆ ನೇತಾಕಿದ ಬೇರೆ ಕಪ್ ಇರುತ್ತಿತ್ತು. ಅಪಾರ್ಟ್‌ಮೆಂಟಿನಲ್ಲಿ ಅದು ಸಿಂಕಿನ ಕೆಳಗೆ ಇಟ್ಟ ಬೇರೆ ಸ್ಟೀಲ್ ಲೋಟ. ಸಂಬಳ ಎಷ್ಟು ಏರಿಸಿದರೂ ಆ ಲೋಟ ಅಲ್ಲೇ ಇದ್ದರೆ ಕೊಟ್ಟದ್ದು ಕೂಲಿ ಮಾತ್ರ, ಮರ್ಯಾದೆ ಅಲ್ಲ.

ಇನ್ನೊಂದು ವಿಷಯ. ಇಷ್ಟೆಲ್ಲ ಬರೆಯುವಾಗ ನಾನೂ ಮಾಡುತ್ತಿರುವುದು 'ಅವರಿಗೆ ಏನು ಕೊಡಬೇಕು' ಎಂಬ ಲೆಕ್ಕ. ಅವರನ್ನು ಕೇಳಿದವರು ಯಾರು? 1891ರ ಆ ಪತ್ರ ಕಾರ್ಮಿಕರು ಸಂಘ ಕಟ್ಟಿಕೊಳ್ಳುವ ಹಕ್ಕನ್ನೂ ಎತ್ತಿ ಹಿಡಿಯಿತು. 1931ರಲ್ಲಿ ಬಂದ ಇನ್ನೊಂದು ಪತ್ರ, ಕೆಳಗಿನವರು ತಾವೇ ಮಾಡಿಕೊಳ್ಳಬಲ್ಲ ಕೆಲಸವನ್ನು ಮೇಲಿನವರು ಕಿತ್ತುಕೊಳ್ಳುವುದು ಅನ್ಯಾಯ ಎಂದಿತು. ಇದನ್ನು ಮನಸ್ಸಿಗೆ ತೆಗೆದುಕೊಂಡವರು ನಮ್ಮ ದೇಶದಲ್ಲೇ ಇದ್ದಾರೆ. ಬೆಲ್ಜಿಯಂನಿಂದ ಬಂದ ಸನ್ಯಾಸಿನಿ ಜೀನ್ ದೆವೊಸ್ 1985ರಲ್ಲಿ ಮುಂಬೈಯಲ್ಲಿ ಮನೆಗೆಲಸದವರ ರಾಷ್ಟ್ರೀಯ ಆಂದೋಲನ ಶುರು ಮಾಡಿದರು. ಅದು ಮುಂದೆ ಕರ್ನಾಟಕ ಸೇರಿ ಹಲವು ರಾಜ್ಯಗಳಿಗೆ ಹರಡಿತು. ಹಂಚಿದ್ದು ಸೀರೆಗಿಂತ ಹೆಚ್ಚಾಗಿ ಧೈರ್ಯ. ಒಬ್ಬೊಬ್ಬರೇ ಒಂದೊಂದು ಮನೆಯ ಅಡುಗೆಕೋಣೆಯಲ್ಲಿ ದುಡಿಯುವ ಹೆಂಗಸರು ಒಂದೆಡೆ ಕೂತು ತಮ್ಮ ರೇಟು, ತಮ್ಮ ರಜೆ ತಾವೇ ಮಾತಾಡಿಕೊಳ್ಳುವುದು. ಮನೆಗೆಲಸಕ್ಕೆ ಕರ್ನಾಟಕ 2004ರಲ್ಲೇ ಕನಿಷ್ಠ ವೇತನ ಗೊತ್ತುಮಾಡಿತು. 2011ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಗೆಲಸದವರ ಹಕ್ಕಿನ ಒಡಂಬಡಿಕೆ ಒಪ್ಪಿಕೊಂಡಾಗ ಭಾರತ ಅದರ ಪರ ಮತ ಹಾಕಿತು, ಆದರೆ ದೇಶದ ಒಳಗೆ ಅದನ್ನು ಅಂಗೀಕರಿಸಲಿಲ್ಲ.

ಸರಿ, ಇದನ್ನೆಲ್ಲ ಓದಿ ಸೋಮವಾರ ಬೆಳಿಗ್ಗೆ ಮಾಡುವುದೇನು? ಹೋಮ್ ಲೋನ್ ಇದೆ, ಮಕ್ಕಳ ಫೀಸ್ ಇದೆ, ಯಾವಾಗ ಲೇಆಫ್ ಮೇಲ್ ಬರುತ್ತದೋ ಗೊತ್ತಿಲ್ಲ. ನಾನು ಇಟ್ಟುಕೊಂಡಿರುವ ಒಂದು ಸರಳ ಲೆಕ್ಕ ಹೇಳುತ್ತೇನೆ. ಸರಿ ಅನಿಸಿದರೆ ತೆಗೆದುಕೊಳ್ಳಿ.

ಮಾರುಕಟ್ಟೆ ರೇಟ್ ಎಷ್ಟು ಅಂತ ಕೇಳುವ ಮೊದಲು, ಆ ಮನುಷ್ಯರ ದುಡಿಯುವ ದಿನದಲ್ಲಿ ನನ್ನ ಪಾಲೆಷ್ಟು ಅಂತ ಕೇಳಿಕೊಳ್ಳುತ್ತೇನೆ. ಒಬ್ಬ ಅಡುಗೆಯಾಕೆ ಐದು ಮನೆ ಮಾಡುತ್ತಾಳೆ ಅಂದುಕೊಳ್ಳಿ. ಐದಕ್ಕಿಂತ ಹೆಚ್ಚು ಮಾಡಲಿಕ್ಕೆ ಮೈ ಒಪ್ಪುವುದಿಲ್ಲ. ಹಾಗಾದರೆ ಆಕೆಯ ದುಡಿಮೆಯ ಐದನೇ ಒಂದು ಪಾಲು ನನ್ನದು. ಆಕೆಯ ಬದುಕಿನ ಐದನೇ ಒಂದು ಪಾಲನ್ನೂ ನಾನೇ ಹೊರಬೇಕು. ಮನೆ ಬಾಡಿಗೆಯಲ್ಲಿ ಐದನೇ ಒಂದು, ರೇಷನ್ನಿನಲ್ಲಿ, ಮಕ್ಕಳ ಫೀಸಿನಲ್ಲಿ, ಗ್ಯಾಸ್ ಸಿಲಿಂಡರಿನಲ್ಲಿ, ಮುಪ್ಪಿಗೆ ಎತ್ತಿಡುವುದರಲ್ಲಿ ಐದನೇ ಒಂದು. ಉದಾಹರಣೆಗೆ, ಇಬ್ಬರು ಮಕ್ಕಳ ಮನೆ ನಮ್ಮ ಏರಿಯಾದಲ್ಲಿ ಮರ್ಯಾದೆಯಿಂದ ನಡೆಯಲಿಕ್ಕೆ ತಿಂಗಳಿಗೆ 30,000 ಬೇಕು ಅನ್ನಿ, ನನ್ನ ಪಾಲು 6,000. ಗಂಡನೂ ದುಡಿಯುತ್ತಾನಲ್ಲ ಅನ್ನಬಹುದು. ನಮ್ಮ ಮನೆಯಲ್ಲೂ ಇಬ್ಬರು ದುಡಿಯುತ್ತೇವೆ, ಆ ಕಾರಣಕ್ಕೆ ಎಚ್ಆರ್ ನಮ್ಮ ಸಂಬಳ ಕಡಿಮೆ ಮಾಡಿದರೆ ಸುಮ್ಮನಿರುತ್ತೇವಾ? ಈ ಲೆಕ್ಕ ಹಾಕಿದ ಮೇಲೆ ಮಾರುಕಟ್ಟೆ ರೇಟ್ 3,500 ಅಂತ ಗೊತ್ತಾದರೆ, ನಡುವಿನ 2,500 ಎಲ್ಲಿ ಹೋಯಿತು ಎಂಬುದೂ ಗೊತ್ತಾಗುತ್ತದೆ. ಅದು ನನ್ನ ಅಕೌಂಟಿನಲ್ಲೇ ಇದೆ.

ಅಷ್ಟು ಕೊಡಲಿಕ್ಕೆ ಆಗದಿದ್ದರೆ? ಆಗ ಅಷ್ಟು ಕೆಲಸ ಮಾಡಿಸಿಕೊಳ್ಳಬಾರದು, ನಮ್ಮ ಪಾತ್ರೆ ನಾವೇ ತೊಳೆಯಬೇಕು ಅನ್ನುವುದು ತರ್ಕಕ್ಕೆ ಸರಿ. ಆದರೆ ಆಕೆಯ ಕೆಲಸ ಹೋಗುತ್ತದೆ. ಕಡಿಮೆ ಕೂಲಿಯ ಕೆಲಸಕ್ಕಿಂತ ಕೆಲಸವೇ ಇಲ್ಲದಿರುವುದು ಒಳ್ಳೆಯದೇ? ಈ ಗಂಟನ್ನು ಒಬ್ಬಂಟಿಯಾಗಿ ಬಿಚ್ಚಲಿಕ್ಕೆ ಆಗುವುದಿಲ್ಲ, ಬಿಚ್ಚಿದೆ ಅನ್ನುವವರನ್ನು ನಾನು ನಂಬುವುದಿಲ್ಲ. ಒಂದು ಮನೆಯವರು ಹೆಚ್ಚು ಕೊಟ್ಟರೆ ಉಳಿದವರು ರೇಟ್ ಕೆಡಿಸಿದಿರಿ ಅಂತ ಮುನಿಯುತ್ತಾರೆ. ಇಡೀ ಬ್ಲಾಕಿನವರು ಕೂತು ಮಾತಾಡಿದರೆ ಅದೇ ಹೊಸ ರೇಟ್ ಆಗುತ್ತದೆ. ಮಾರುಕಟ್ಟೆ ಅಂದರೆ ಆಕಾಶದಿಂದ ಬಿದ್ದದ್ದೇನಲ್ಲ, ನಮ್ಮ ವಾಟ್ಸ್ಯಾಪ್ ಗ್ರೂಪಿನ ಸರಾಸರಿ.

ಅಪ್ಪನ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಹೊಲದ ಕೂಲಿ ಏರಬೇಕಾದರೆ ತೊಗರಿಗೆ ರೇಟ್ ಸಿಗಬೇಕು, ತೊಗರಿಗೆ ರೇಟ್ ಸಿಗಬೇಕಾದರೆ ಬೇಳೆ ಸ್ವಲ್ಪ ದುಬಾರಿ ಆಗಬೇಕು, ಬೇಳೆ ದುಬಾರಿಯಾದರೆ ಆ ಅಡುಗೆಯಾಕೆಯ ಮನೆಯಲ್ಲಿ ಸಾರು ನೀರಾಗುತ್ತದೆ. ಹಾಗಾಗಿ ಬೇಳೆಯ ರೇಟು ಮತ್ತು ಆಕೆಯ ಸಂಬಳ ಒಟ್ಟಿಗೇ ಏರಬೇಕು, ಎರಡರ ಭಾರವೂ ನಮ್ಮಂಥವರ ಮೇಲೆ ಬೀಳಬೇಕು. ಹೊರಬಲ್ಲವರು ನಾವೇ. ಈ ವರ್ಷ ರಾಶಿಯ ಹೊತ್ತಿಗೆ ಅಪ್ಪನಿಗೆ ಒಂದು ಮಾತು ಹೇಳಿದ್ದೇನೆ: ಕೂಲಿಯವರಿಗೆ ನೀನು ಕೊಡಬಲ್ಲದ್ದನ್ನು ಕೊಡು, ಊರಿನ ರೇಟಿಗೂ ಬದುಕಿನ ರೇಟಿಗೂ ನಡುವೆ ಎಷ್ಟು ಬಿತ್ತು ಅಂತ ಬರೆದಿಡು, ಅದು ನಾನು ಕಳಿಸುತ್ತೇನೆ. ಅದು ದಾನ ಅಲ್ಲ, ಇಷ್ಟು ವರ್ಷ ಅಗ್ಗದ ಬೇಳೆ ತಿಂದ ಬಾಕಿ.

ಅಪ್ಪ ನಕ್ಕ. "ಬರದಿಡ್ತೀನಿ, ಆದ್ರ ಭಾಳ ಆಗ್ತದ ನೋಡಪಾ" ಅಂದ.

ಎಷ್ಟಾಗುತ್ತದೋ ಆಗಲಿ. ಮೊದಲು ಲೆಕ್ಕ ಕಣ್ಣಿಗೆ ಬೀಳಲಿ.